ಐದನೆಯ ಜೀನು ಮತ್ತು ಸುಬ್ರಾಯ ಮಾವ

ಕುಮಟಾದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ನನಗೆ ಹದಿನೆಂಟು ವರ್ಷವಾಯಿತು. ನನ್ನ ಪಾಠ ಕೇಳಿ ನಿದ್ದೆ ಮಾಡಿದವರಿದ್ದಾರೆ, ಜಗಳವಾಡಿದವರಿಲ್ಲ. ಆದ್ದರಿಂದ ಹೆಂಡತಿಯ ತವರೂರು ಕಾಗಾಲದ ರೈತರು "ಭತ್ತದ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಕರೆದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

"ಸುಲಭ ಮಾಡಿ ಹೇಳಿ. ಅಲ್ಲಿ ಪರೀಕ್ಷೆ ಬರೆಯೂರು ಯಾರೂ ಇಲ್ಲ" ಎಂದಳು ಹೆಂಡತಿ ಸವಿತಾ.

"ನೋಡ್ತಾ ಇರು!" ಎಂದೆ.

ಭಾನುವಾರ ಬೆಳಿಗ್ಗೆ ಶಾಲೆಯ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ನನ್ನ ಮಾವ ಮತ್ತು ಅವರ ಮೂವರು ತಮ್ಮಂದಿರು. ಕೊನೆಯ ತಮ್ಮ ಸುಬ್ರಾಯ ಮಾವ ಮಾತ್ರ ತಡವಾಗಿ ಬಂದು ಬಾಗಿಲ ಹತ್ತಿರ ಕುಳಿತರು. ಐವರದ್ದೂ ಸೇರಿ ಒಂದೇ ಗಜನಿ ಗದ್ದೆ. ಅಘನಾಶಿನಿಯ ಹಿನ್ನೀರಿನ ಅಂಚಿನಲ್ಲಿ, ಉಪ್ಪಿಗೆ ಅಷ್ಟಾಗಿ ಹೆದರದ ಕಗ್ಗ ಭತ್ತ ಬೆಳೆಯುವ ಗದ್ದೆ.

"ಎಲೆಯೊಳಗೆ ರುಬಿಸ್ಕೋ ಎಂಬ ಕಿಣ್ವ ಇದೆ" ಎಂದು ಶುರು ಮಾಡಿದೆ. "ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದು ಸಕ್ಕರೆ ಮಾಡುವ ಕೆಲಸಕ್ಕೆ ಅದೇ ಮೊದಲು ಕೈಹಾಕುವುದು. ಅದಿಲ್ಲದಿದ್ದರೆ ಅನ್ನವಿಲ್ಲ. ಅದರಲ್ಲಿ ದೊಡ್ಡ ತುಂಡು, ಚಿಕ್ಕ ತುಂಡು ಎಂದು ಎರಡು ಬಗೆ. ಚಿಕ್ಕ ತುಂಡನ್ನು ಮಾಡಿಸುವುದು ಒಂದೇ ಜೀನಲ್ಲ. ಒಂದೇ ಮೂಲದಿಂದ ಬಂದ ಹಲವು ಜೀನುಗಳು. ಅದಕ್ಕೇ ಜೀನ್ ಕುಟುಂಬ ಅನ್ನುವುದು. ಭತ್ತದಲ್ಲಿ ಐದು ಜೀನು."

ಯಾರೋ ಆಕಳಿಸಿದರು. ಆ ಆಕಳಿಕೆಯೇ ನನ್ನನ್ನು ಕೆಡಿಸಿತು.

"ಅರ್ಥವಾಗಲಿಲ್ಲವೇ? ನಮ್ಮ ಮಾವನ ಮನೆಯನ್ನೇ ನೋಡಿ! ಐವರು ಅಣ್ಣತಮ್ಮಂದಿರು. ಮೂಲ ಒಂದೇ, ಕಸುಬೂ ಒಂದೇ!"

ಸಭೆ ನೆಟ್ಟಗೆ ಕುಳಿತಿತು. ಮಾವ ಮೀಸೆ ಸವರಿಕೊಂಡರು. ಅಲ್ಲಿಗೇ ಕೈಮುಗಿದು ಇಳಿದಿದ್ದರೆ ನಾನು ಇವತ್ತಿಗೂ ಮರ್ಯಾದಸ್ಥ. ಇಳಿಯಲಿಲ್ಲ.

"ಆದರೆ ಐವರೂ ಸಮ ದುಡಿಯುವುದಿಲ್ಲ" ಎಂದೆ.

"ಹಂಗಾರೆ ಹೆಚ್ಚು ದುಡಿಯೂರು ಯಾರು?" ಎರಡನೆಯ ಮಾವ ಕೇಳಿದರು.

"ಎಂತ, ಅದನ್ನೂ ಕೇಳ್ಬೇಕಾ?" ಮೂರನೆಯವರು ಎದೆಯುಬ್ಬಿಸಿದರು. "ಹೋದ ವರ್ಷ ಕೊಯ್ಲಿಗೆ ನೀ ಎಷ್ಟು ದಿನ ಬಂದಿದ್ದೆ ಹೇಳು!"

ಬೆಂಕಿ ಆರಿಸಲು ಧಾವಿಸಿದೆ. "ನಾಲ್ವರೂ ದುಡಿಯುತ್ತಾರೆ! ನಾಲ್ಕು ಜೀನುಗಳೂ ಎಲೆಯಲ್ಲಿ ಬೆವರು ಸುರಿಸುತ್ತವೆ. ಐದನೆಯದು ಮಾತ್ರ ಹೆಸರಿಗೆ ಕುಟುಂಬದಲ್ಲಿದೆ. ಎಲೆಯಲ್ಲಿ ಹುಡುಕಿದರೆ ಪತ್ತೆಯಿಲ್ಲ. ಶುದ್ಧ ಸೋಮಾರಿ!"

ಇಡೀ ಸಭೆ ಬಾಗಿಲ ಕಡೆ ತಿರುಗಿತು. ಸುಬ್ರಾಯ ಮಾವ ಎದ್ದರು. ಕೊಡೆ ತೆಗೆದುಕೊಂಡು ಹೊರಟೇಹೋದರು.

ಚಪ್ಪಾಳೆ ಬರಲಿಲ್ಲ. ಅವಲಕ್ಕಿ ಬಂತು.

ಕುಮಟಾದ ಮನೆಗೆ ಬಂದ ಮೇಲೆ ಸವಿತಾ ಹೇಳಿದಳು: "ಅಪ್ಪನ ಕಾಲು ಮುರಿದ ವರ್ಷ ದಿನಾ ನನ್ನನ್ನು ಸೈಕಲ್ ಮೇಲೆ ಹೈಸ್ಕೂಲಿಗೆ ಬಿಟ್ಟಂವ ಸುಬ್ರಾಯ ಚಿಕ್ಕಪ್ಪ. ಗದ್ದೆ ಕೆಲಸಕ್ಕೆ ಕಾಣ್ಸೂದಿಲ್ಲ ಅಂತ ಊರವರು ಮೊದಲೇ ಆಡ್ಕಳ್ತಾರೆ. ಈಗ ನೀವು ವಿಜ್ಞಾನದ ಸರ್ಟಿಫಿಕೇಟೂ ಕೊಟ್ರಿ!"

ನನ್ನ ಪರವಾಗಿ ಸಾಕ್ಷಿ ಇರಲೆಂದು ಪುಸ್ತಕ ತೆರೆದೆ. ತೆರೆಯಬಾರದಿತ್ತು! ಐದನೆಯ ಜೀನು ಎಲೆಯಲ್ಲಿ ಕಾಣಸಿಗುವುದಿಲ್ಲ, ನಿಜ. ಆದರೆ ಕಾಂಡದಲ್ಲಿ, ಕಾಂಡವನ್ನು ಸುತ್ತಿಕೊಂಡ ಎಲೆಯ ಬುಡದಲ್ಲಿ ಅದು ಕೆಲಸ ಮಾಡುತ್ತಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಸಾಲಿನ ಅಡಿಗೆ ಪೆನ್ಸಿಲ್ ಗೆರೆ ಬೇರೆ ಎಳೆದಿತ್ತು. ಎಳೆದವನು ನಾನೇ!

ಮರುದಿನ ಕಾಲೇಜು ಮುಗಿದದ್ದೇ ಕಾಗಾಲಕ್ಕೆ ಹೋದೆ. ಸುಬ್ರಾಯ ಮಾವ ಗದ್ದೆಯಾಚೆಯ ಒಡ್ಡಿನ ಮೇಲಿದ್ದರು. ಉಬ್ಬರದ ನೀರು ಇಳಿಯುವ ಹೊತ್ತು, ಒಡ್ಡಿನ ಬಾಯಿಗೆ ಇಟ್ಟ ಹಲಗೆಗಳನ್ನು ಎತ್ತಿ, ಗದ್ದೆಯ ನೀರು ಹೊರಗೆ ಬಿಡುತ್ತಿದ್ದರು. ನಾನು ರಸ್ತೆ ಬಿಟ್ಟು ಒಡ್ಡಿನ ಬುಡದವರೆಗೆ ಅಡ್ಡ ಹಾಯ್ದು, ಗಂಭೀರ ಮುಖ ಮಾಡಿಕೊಂಡು ಎರಡು ಹೆಜ್ಜೆ ಇಟ್ಟೆ. ಮೂರನೆಯದು ಕೆಸರಿಗೆ. ತೊಡೆಯವರೆಗೆ!

"ಅಯ್ಯೋ ಮಾಸ್ತರ್ರೆ, ಕೈ ಕೊಡಿ" ಎಂದು ಎಳೆಯತೊಡಗಿದರು. ನಾನು ಹೂತ ಜಾಗದಲ್ಲೇ ಕ್ಷಮೆ ಕೇಳಿದೆ. "ನಿನ್ನೆ ನಿಮ್ಮನ್ನು ಸೋಮಾರಿ ಅಂದದ್ದು ತಪ್ಪಾಯ್ತು, ಮಾವ."

ಎಳೆಯುವ ಕೈ ನಿಂತಿತು. "ಸೋಮಾರಿಯಾ? ಯಾರು ಅಂದ್ರು?"

"ನಾನೇ... ಅದಕ್ಕೇ ಅಲ್ವಾ ನೀವು ಎದ್ದು ಹೋದದ್ದು?"

"ಅಲ್ಲ ಮಾರಾಯ್ರೆ! ನೀರು ಏರೂ ಹೊತ್ತಾಗಿತ್ತು. ಹಲಗೆ ಇಳಿಸದಿದ್ರೆ ಉಪ್ಪುನೀರು ಗದ್ದೆಗೆ ನುಗ್ತದೆ. ಅದೇ ಧ್ಯಾನದಲ್ಲಿದ್ದೆ. ನಿಮ್ಮ ಭಾಷಣ ನನ್ನ ಕಿವಿಗೇ ಬೀಳಲಿಲ್ಲ."

ಅವರಿಗೆ ಗೊತ್ತೇ ಇಲ್ಲದ ಅವಮಾನವನ್ನು ನಾನು ಕುಮಟಾದಿಂದ ಜೋಪಾನವಾಗಿ ಹೊತ್ತು ತಂದು ಕೈಯಾರೆ ಕೊಟ್ಟಿದ್ದೆ!

ಮಾವ ನನ್ನನ್ನು ಮೇಲೆಳೆದು ಒಡ್ಡಿನ ಮೇಲೆ ಕುಳಿತರು. "ಅಣ್ಣಂದಿರೂ ಇದ್ರಲ್ಲ ಅಲ್ಲಿ. ಯಾರೂ ಎಂತದೂ ಹೇಳಲಿಲ್ವಾ?"

ಈ ಪ್ರಶ್ನೆಗೆ ಯಾವ ಪುಸ್ತಕದಲ್ಲಿ ಉತ್ತರ ಹುಡುಕಲಿ? ನಾನು ಗೊತ್ತಿದ್ದದ್ದನ್ನೇ ಹೇಳಿದೆ. ಐದನೆಯ ಜೀನು ಕಾಂಡದಲ್ಲಿ ದುಡಿಯುತ್ತದೆ. ಎಲೆಯಲ್ಲಷ್ಟೇ ನೋಡಿದವನಿಗೆ ಅದು ಕಾಣುವುದಿಲ್ಲ. ಹಾಗೆ ನೋಡಿದ ಮೂರ್ಖ ನಾನು.

ಅವರು ಪೂರ್ತಿ ಕೇಳಿಸಿಕೊಂಡರು. "ಇದನ್ನ ಅವ್ರ ಎದುರಿಗೇ ಹೇಳಿ" ಎಂದರು.

ಹೇಳಿದೆ. ಕೆಸರಾದ ಪ್ಯಾಂಟು ಬಿಚ್ಚಿ ಸುಬ್ರಾಯ ಮಾವನದೇ ಲುಂಗಿ ಉಟ್ಟು, ಮನೆಯಲ್ಲಿ ನಾಲ್ವರು ಅಣ್ಣಂದಿರ ಮುಂದೆ ನಿಂತು, ನನ್ನ ಹದಿನೆಂಟು ವರ್ಷದ ವೃತ್ತಿಯ ಅತ್ಯಂತ ಚಿಕ್ಕ ಪಾಠ ಮಾಡಿದೆ. ಯಾರೂ ಆಕಳಿಸಲಿಲ್ಲ. ಕೊನೆಗೆ ಹಿರಿಯ ಮಾವ ನೆಲ ನೋಡುತ್ತ, "ಹಲಗೆ ಇಳಿಸೂಕೆ ನಾವು ಒಂದಿನವೂ ಹೋದವರಲ್ಲ. ಹೌದು. ನಾಳೆ ನಾನೂ ಬತ್ತೆ, ಸುಬ್ರಾಯ" ಎಂದರು.

ಸುಬ್ರಾಯ ಮಾವನ ಮುಖ ಅರಳಿತು. ಅವರು ನನ್ನ ಕಡೆ ತಿರುಗಿದರು. "ಮಾಸ್ತರ್ರೆ, ಹಂಗಾರೆ ನಮ್ಮ ಕಗ್ಗದಲ್ಲೂ ಈ ಐದೇ ಉಂಟಾ? ಉಪ್ಪುನೀರು ನುಗ್ಗಿದಾಗ ಯಾವುದು ಎಂತ ಮಾಡ್ತದೆ?"

ಹದಿನೆಂಟು ವರ್ಷದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿರಲಿಲ್ಲ!

"ಓದಿ ಬಂದು ಹೇಳ್ತೇನೆ, ಮಾವ" ಎಂದೆ ಲುಂಗಿ ಬಿಗಿ ಮಾಡಿಕೊಳ್ಳುತ್ತ.

"ಆತು" ಎಂದರು ಅವರು. "ಅವಸರ ಎಂತದೂ ಇಲ್ಲ. ಬರೂವಾಗ ಮಾತ್ರ ರಸ್ತೆ ಮೇಲಿಂದ ಬನ್ನಿ."