ಹೊಸ ಕಾರ್ಡಿನ ಮೇಲೆ ಎಲ್ಲರಿಗೂ ಅನುಮಾನ

ನಮ್ಮ ಮನೆಗೆ ಹೊಸ ಸಾಮಾನು ಬಂದರೆ ಮೊದಲು ಒಳಗೆ ಕಾಲಿಡುವುದು ಅನುಮಾನ, ಸಾಮಾನು ಆಮೇಲೆ. ಮಿಕ್ಸಿ ತಂದಾಗ ಹಾಗೇ ಆಯಿತು, ನೀರಿನ ಫಿಲ್ಟರ್ ತಂದಾಗಲೂ ಹಾಗೇ. ಈ ಸಲ ತಂದದ್ದು ಬೆರಳುದ್ದವೂ ಇಲ್ಲದ ಒಂದು ವೈಫೈ ಕಾರ್ಡು. ಅನುಮಾನ ಮಾತ್ರ ಬೀರುವಿನಷ್ಟು ದೊಡ್ಡದು.

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಬದಲು ಲಿನಕ್ಸ್. ಬಿಟ್ಟಿ ಸಿಗುತ್ತದೆ, ವೈರಸ್ಸಿನ ಕಾಟವಿಲ್ಲ, ನಾನು ಹೇಳಿದ ಹಾಗೆ ಕೇಳುತ್ತದೆ ಎಂದು ಮನೆಯಲ್ಲೆಲ್ಲ ಕೊಚ್ಚಿಕೊಂಡಿದ್ದೆ. ಅದರ ಹಳೇ ವೈಫೈ ಕಾರ್ಡು ಕೈಕೊಟ್ಟದ್ದು, ನನ್ನ ಹೆಂಡತಿ ಆನ್‌ಲೈನಿನಲ್ಲಿ ಮಕ್ಕಳಿಗೆ ವೀಣೆ ಪಾಠ ಹೇಳಿಕೊಡಲು ಶುರು ಮಾಡಬೇಕಾಗಿದ್ದ ವಾರವೇ. ಮದುವೆಯಾದ ಮೇಲೆ ಮೂಲೆ ಸೇರಿದ್ದ ವೀಣೆಗೆ ಅವಳು ಹೊಸ ತಂತಿ ಹಾಕಿಸಿದ್ದಳು. ಭಾನುವಾರ ಸಂಜೆ ಮೊದಲ ಪಾಠ. ಹಿಡಿಸಿದರೆ ಮಕ್ಕಳನ್ನು ಸೇರಿಸುತ್ತೇವೆ ಎಂದು ಕೆಲವು ತಾಯಂದಿರು ಹೇಳಿದ್ದರು.

"ಭಾನುವಾರ ಬೆಳಗ್ಗೆವರ್ಗೂ ನೋಡ್ತೀನಿ ಕಣ್ರೀ. ಆಗ್ಲಿಲ್ಲ ಅಂದ್ರೆ ನನ್ ತಮ್ಮನ್ನ ಕರೀತೀನಿ. ಎಲ್ಲಾ ಅಳಿಸಿ ವಿಂಡೋಸ್ ಹಾಕ್ಕೊಡ್ತಾನೆ" ಎಂದಳು.

ಆ ತಮ್ಮ ಇರುವುದು ರಾಮಕೃಷ್ಣನಗರದಲ್ಲಿ. ಸ್ಕೂಟರ್ ಹತ್ತಿದರೆ ಕಾಫಿ ಆರುವುದರೊಳಗೆ ಕುವೆಂಪುನಗರದ ನಮ್ಮ ಮನೆಯಲ್ಲಿರುತ್ತಾನೆ. ನನ್ನನ್ನು ಆಡಿಕೊಳ್ಳುವುದೆಂದರೆ ಕಾಫಿಯನ್ನೂ ಬಿಟ್ಟು ಬರುತ್ತಾನೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಂಗಡಿಯಲ್ಲಿ

"ಯಾವ ವಿಂಡೋಸ್ ಸಾರ್?" ಎಂದ ಅಂಗಡಿಯವನು.

"ವಿಂಡೋಸ್ ಅಲ್ಲ, ಲಿನಕ್ಸ್."

ಅವನು ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲನೆ ವಾಪಸ್ ತೆಗೆದುಕೊಂಡ. "ಆಮೇಲೆ ಕೆಲ್ಸ ಮಾಡ್ಲಿಲ್ಲ ಅಂತ ತಂದ್ಬುಟ್ರೆ ನಾವು ತಗೊಳಲ್ಲ ಸಾರ್. ಈಗ್ಲೇ ಹೇಳ್ಬುಟ್ಟಿದ್ದೀನಿ."

ಅವನಿಗೆ ನನ್ನ ಮೇಲೆ ಅನುಮಾನ, ನನಗೆ ಅವನ ಡಬ್ಬಿಯ ಮೇಲೆ. ಅದರ ಅಂಟುಪಟ್ಟಿ ಒಂದು ಕಡೆ ಎದ್ದಿತ್ತು. ಯಾರೋ ಬಳಸಿ ಬಿಟ್ಟದ್ದನ್ನು ನನ್ನ ತಲೆಗೆ ಕಟ್ಟುತ್ತಿದ್ದಾನೆ ಎನ್ನಿಸಿತು. ಡಬ್ಬಿಯನ್ನು ಮತ್ತೆ ಈಸಿಕೊಂಡು, ಕಾರ್ಡು ತೆಗೆದು ಮೂಸಿ ನೋಡಿದೆ.

"ಕೊತ್ತಂಬರಿ ಸೊಪ್ಪಾ ಸಾರ್ ಅದು?"

"ಇಲ್ಲಪ್ಪ, ಹೊಸದೋ ಹಳೇದೋ ನೋಡ್ತಿದ್ದೆ."

"ಮೂಗಲ್ಲಾ?"

ದೇವರ ಮನೆಯಲ್ಲಿ

ಬಿಚ್ಚಿ ಕೂರಿಸೋಣ ಎಂದು ಸ್ಕ್ರೂಡ್ರೈವರ್ ಹಿಡಿದರೆ ಅಮ್ಮ ಅಡ್ಡ ಬಂದರು. ಅಮ್ಮನಿಗೆ ಹೊಸ ವಸ್ತು ಎಂದರೆ ಪೂಜೆಯಾಗುವ ತನಕ ನಂಬಬಾರದ ವಸ್ತು. ನನ್ನ ಹೆಲ್ಮೆಟ್ಟಿಗೂ ಆರತಿ ಎತ್ತಿದವರು ಅವರು.

"ಇವತ್ತು ಅಮಾವಾಸ್ಯೆ ಕಣೋ. ಒಂದು ರಾತ್ರಿ ದೇವ್ರ ಮುಂದೆ ಇರ್ಲಿ, ಕೊಡಿಲ್ಲಿ."

"ಇದು ಲಿನಕ್ಸ್ ಕಾರ್ಡಮ್ಮ, ಇದಕ್ಯಾಕೆ ಪೂಜೆ?"

"ಅದಕ್ಕೇ ಬೇಕು. ನಿನ್ನ ಲಿನಕ್ಸಿಗೆ ಇನ್ನು ದೇವರೇ ಗತಿ ಅಂತ ನಿನ್ ಹೆಂಡ್ತೀನೇ ಹೇಳಿದ್ಳಲ್ಲ?"

ಕಪ್ಪು ಪರದೆ

ಬೆಳಿಗ್ಗೆ ಡಬ್ಬಿಯ ಮೇಲೊಂದು ಸೇವಂತಿಗೆ ಇತ್ತು. ಹೂವು ತೆಗೆದಿಟ್ಟು, ಕಾರ್ಡನ್ನು ತಿರುಗಿಸಿಯೂ ನೋಡದೆ ಕೂರಿಸಿದೆ. ಲ್ಯಾಪ್‌ಟಾಪು ತನ್ನೊಳಗಿರುವ ಭಾಗಗಳನ್ನೆಲ್ಲ ಸಾಲಾಗಿ ಹೇಳಿತು. ಹೊಸ ಕಾರ್ಡಿನ ಸುದ್ದಿಯನ್ನೇ ಎತ್ತಲಿಲ್ಲ. ಕಾರ್ಡಿಗೂ ಲಿನಕ್ಸಿಗೂ ಮಾತುಕತೆ ಮಾಡಿಸುವ ಡ್ರೈವರ್ ಎಂಬ ಪ್ರೋಗ್ರಾಂ ಇಲ್ಲದ್ದಕ್ಕೆ ಹೀಗೆ ಎಂದುಕೊಂಡೆ. ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ, ಅದರ ಇಂಟರ್‌ನೆಟ್ಟಿನಲ್ಲಿ ಸಿಕ್ಕಸಿಕ್ಕ ಡ್ರೈವರನ್ನೆಲ್ಲ ಇಳಿಸಿಕೊಂಡೆ. ಲಿನಕ್ಸ್ ಬಳಸುವವರ ಗುಂಪಿನಲ್ಲಿ ಕೇಳಿದರೆ ಯಾರೋ ಒಬ್ಬರು, "ಕಾರ್ಡನ್ನು ಒಮ್ಮೆ ತೆಗೆದು ನೋಡಿದ್ದೀರಾ?" ಎಂದರು. ನನ್ನನ್ನು ಏನೆಂದುಕೊಂಡಿದ್ದಾರೆ ಎಂದು ಸಿಟ್ಟು ಬಂತು. ಇನ್ನೊಂದು ಡ್ರೈವರ್ ಇಳಿಸಿಕೊಂಡೆ.

ಜಗಲಿಯಲ್ಲಿ ಕೂತು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟುತ್ತಿದ್ದಾಗ ಮಹಡಿ ಮನೆಯವರು ಮೆಟ್ಟಿಲಿಳಿದು ಬಂದರು. ರಿಟೈರಾದ ಆಫೀಸರು, ಹಾಲಿನ ಪ್ಯಾಕೆಟ್ಟನ್ನೂ ಎರಡು ಸಲ ತಿರುಗಿಸಿ ನೋಡುವವರು. ಪರದೆ ನೋಡಿದರು, ನನ್ನ ಮುಖ ನೋಡಿದರು.

"ಏನ್ರೀ ಇದು, ಟೀವೀಲಿ ಹ್ಯಾಕರ್‌ಗಳು ಮಾಡ್ತಾರಲ್ಲ, ಅದೇ ಥರ ಇದೆ? ನಮ್ಮನೆ ವೈಫೈ ಯಾಕೋ ನಿಧಾನ ಆಗಿದೆ."

"ಅಯ್ಯೋ ಸಾರ್, ನಮ್ಮನೆ ವೈಫೈಯೇ ನನಗೆ ಸಿಕ್ತಿಲ್ಲ."

"ಹಾಗಾದ್ರೆ ನಮ್ಮನೇದಕ್ಕೆ ಕೈ ಹಾಕಿದ್ದೀರಿ ಅನ್ನಿ" ಎಂದು ದಡದಡ ಮೇಲೆ ಹೋಗಿ ಪಾಸ್‌ವರ್ಡ್ ಬದಲಾಯಿಸಿದರು.

ಮಾರನೇ ದಿನ ಮತ್ತೆ ಬಂದರು. ದನಿ ಮೆತ್ತಗಾಗಿತ್ತು. "ನಿನ್ನೆ ಹೊಸ ಪಾಸ್‌ವರ್ಡ್ ಇಟ್ಟೆನಲ್ಲ, ಮರೆತೇಹೋಗಿದೆ ಕಣ್ರೀ. ನಿಮಗೆ ಹೇಗೂ ಗೊತ್ತಿರುತ್ತೆ. ಸ್ವಲ್ಪ ಹೇಳಿ."

ಭಾವಮೈದನ ಸವಾರಿ

ಭಾನುವಾರ ಬೆಳಿಗ್ಗೆ ಅವನು ಬಂದೇಬಿಟ್ಟ. ಹೆಂಡತಿ ನನ್ನ ಮುಖ ನೋಡದೆ ವೀಣೆ ಒರೆಸುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ವಿಂಡೋಸ್ ಹಾಕುವ ಮುಂಚೆ ಒಮ್ಮೆ ನೋಡೋಣ ಎಂದು ಅವನು ಲ್ಯಾಪ್‌ಟಾಪ್ ಬಿಚ್ಚಿ, ಕಾರ್ಡು ಕಿತ್ತು, ಮಗುಚಿ ಹಿಡಿದ. "ಭಾವ, ಇದೇನು? ತುಕ್ಕು ಹಿಡಿದಿರೋದನ್ನ ಕೊಟ್ಟವ್ನಲ್ಲ ನಿಮಗೆ?"

ನಿಜ. ಸಿಕ್ಕಿಸುವ ತುದಿಯ ಹೊಂಬಣ್ಣದ ಗೆರೆಗಳ ಮೇಲೆಲ್ಲ ಕೆಂಪಗೆ ಮೆತ್ತಿಕೊಂಡಿತ್ತು. ನನ್ನ ಮೂಗು ಸುಳ್ಳು ಹೇಳಿರಲಿಲ್ಲ! ತಕ್ಷಣ ಅಂಗಡಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಬಾಯಿಗೆ ಬಂದಂತೆ ಬೈದೆ. ತುಕ್ಕು ಹಿಡಿದ ಮಾಲನ್ನು ಹೊಸದೆಂದು ಮಾರುತ್ತೀಯಾ ಎಂದೆ, ಪೊಲೀಸಿಗೆ ಹೇಳುತ್ತೇನೆ ಎಂದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ: "ತುಕ್ಕಲ್ಲ ಕಣೋ, ಕುಂಕುಮ. ಒಂದು ಕಡೆ ಏನೋ ಬರೆದಿತ್ತು. ಅಕ್ಷರದ ಮೇಲೆ ಯಾಕೆ ಅಂತ ತಿರುಗಿಸಿ, ಬಂಗಾರದಂಗಿರೋ ಕಡೆ ನೀರಲ್ಲಿ ಕಲಸಿ ಇಟ್ಟೆ."

ಸ್ಪೀಕರಿನಲ್ಲಿ ಅಂಗಡಿಯವನಿಗೂ ಅದು ಕೇಳಿಸಿತ್ತು. "ಮಂಗಳಾರತಿ ಆಯ್ತಲ್ಲ ಸಾರ್, ಇಡ್ಲಾ?" ಎಂದ.

ಮೊದಲ ಪಾಠ

ರಬ್ಬರಿನಿಂದ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ ಕೂರಿಸಿದೆವು. ಲಿನಕ್ಸ್ ಕಾರ್ಡನ್ನು ಗುರುತು ಹಿಡಿಯಿತು. ಅಕ್ಕಪಕ್ಕದ ವೈಫೈಗಳ ಹೆಸರೆಲ್ಲ ಸಾಲಾಗಿ ಮೂಡಿದವು. ನನಗೆ ಕಣ್ಣಲ್ಲಿ ನೀರೇ ಬಂತು. ಇನ್ನು ಯಾವತ್ತೂ ಕಾರ್ಡಿಗೆ ಕುಂಕುಮ ಇಡಬಾರದೆಂದು ಅಮ್ಮನಿಂದ ಮಾತು ತೆಗೆದುಕೊಂಡೆ. "ಆಯ್ತು, ಇಡಲ್ಲ ಬುಡು" ಎಂದರು.

ಸಂಜೆ ಹೆಂಡತಿ ರೇಷ್ಮೆ ಸೀರೆ ಉಟ್ಟು, ವೀಣೆ ಹಿಡಿದು ಕೂತಳು. ಒಬ್ಬೊಬ್ಬರಾಗಿ ಮಕ್ಕಳು, ತಾಯಂದಿರು ಪರದೆಯ ಮೇಲೆ ಬಂದರು. ಶ್ರುತಿ ಮಾಡುವಷ್ಟರಲ್ಲಿ ಒಂದು ಮಗು, "ಮಿಸ್, ನೀವು ಕಾಣ್ತಾನೇ ಇಲ್ಲ. ಬರೀ ಕೆಂಪು ಕತ್ತಲೆ" ಎಂದಿತು.

"ನಾನು ಆಗ್ಲೇ ಹೇಳ್ಲಿಲ್ವಾ ಅಕ್ಕ, ಲಿನಕ್ಸು!" ಎಂದ ಭಾವಮೈದ. ನಾನು ಕ್ಯಾಮೆರಾದ ಡ್ರೈವರ್ ಮೇಲೆ ಅನುಮಾನಪಟ್ಟು ಕೀಬೋರ್ಡಿಗೆ ಕೈ ಚಾಚಿದೆ. ಹೆಂಡತಿ ಮಾತ್ರ ಪರದೆಯ ಮೇಲಂಚನ್ನೇ ನೋಡುತ್ತಿದ್ದಳು. ಅಲ್ಲಿ, ಸರಿಯಾಗಿ ನಡುವೆ, ಕ್ಯಾಮೆರಾದ ಕಣ್ಣಿನ ಮೇಲೆ, ಗುಂಡಗೆ ಒಂದು ಬೊಟ್ಟು.

ನಾವು ಮೂವರೂ ತಿರುಗಿ ಅಮ್ಮನನ್ನು ನೋಡಿದೆವು.

"ನಾನು ಮಾತು ತಪ್ಪಿಲ್ಲ ಕಣೋ" ಎಂದರು ಅಮ್ಮ. "ಕಾರ್ಡು ಮುಟ್ಟೇ ಇಲ್ಲ. ಇದು ಲ್ಯಾಪ್‌ಟಾಪಿನ ಹಣೆ ಅಲ್ವಾ?"