ತಿರುವಿನ ಬೋರ್ಡಿಗೆ ಹೊಳೆಯುವ ಶೀಟು

ಹೆಂಡತಿ: ರೀ, ಅದೇನು ಕೋಟಿನ ಬಟ್ಟೇನಾ? ಬೆರಳಲ್ಲಿ ಉಜ್ಜಿ ಉಜ್ಜಿ ಏನು ನೋಡ್ತೀರಿ?

ಗಂಡ: ಇಪ್ಪತ್ತೆಂಟು ವರ್ಷದಿಂದ ಟೈಲರ್ ಕಣೆ ನಾನು. ಮುಟ್ಟದೆ ಮಾಲು ಆರಿಸಿ ಗೊತ್ತೇ ಇಲ್ಲ. ಬೋರ್ಡಿನವರೇ, ಇದು ಒಗೆದ್ರೆ ಕುಗ್ಗುತ್ತಾ?

ಬೋರ್ಡಿನವರು: ಇದನ್ನ ಮಳೆ ಬಿಟ್ಟು ಇನ್ಯಾರೂ ಒಗೆಯಲ್ಲ ಸಾರ್.

(ರಸ್ತೆ ಬದಿಯ ಸೂಚನಾ ಫಲಕಗಳನ್ನು ಮಾಡುವ ಅಂಗಡಿ. ಗೋಡೆಗೊರಗಿ ‘ನಿಲ್ಲಿ’, ‘ನಿಧಾನ’, ‘ಶಬ್ದ ಮಾಡಬೇಡಿ’ ಎಂದೆಲ್ಲ ಬೋರ್ಡುಗಳು ನಿಂತಿವೆ. ಈ ದಂಪತಿ ಮಾತ್ರ ಒಂದು ಗಂಟೆಯಿಂದ ಮೂರನ್ನೂ ಪಾಲಿಸಿಲ್ಲ. ಹೆಂಡತಿ ಸಿಟಿ ಬಸ್ಸಿನ ಡ್ರೈವರ್, ಮಧ್ಯಾಹ್ನದ ಪಾಳಿಗೆ ಹೊರಟವಳು ಯೂನಿಫಾರ್ಮಿನಲ್ಲೇ ಬಂದಿದ್ದಾಳೆ. ಅವರ ಮನೆ ಇರುವುದು ರಸ್ತೆಯ ತಿರುವಿನಲ್ಲಿ. ಒಂದೇ ವರ್ಷದಲ್ಲಿ ಎರಡು ಲಾರಿಗಳು ಕಾಂಪೌಂಡಿಗೆ ಗುದ್ದಿದ್ದವು. ಹೊಸದಾಗಿ ಕಟ್ಟಿ ನಾಲ್ಕು ದಿನವೂ ಆಗಿರಲಿಲ್ಲ, ಕಳೆದ ವಾರ ಮುಸ್ಸಂಜೆ ಮತ್ತೊಮ್ಮೆ ಧಡ್ ಅಂದಿತು. ಒಂದು ಇಟ್ಟಿಗೆ ಬಂದು ಅತ್ತೆಯ ಕುರ್ಚಿಯ ಕಾಲಿನ ಹತ್ತಿರವೇ ಬಿತ್ತು. ಅದಕ್ಕೇ ತಿರುವಿಗೆ ರಾತ್ರಿ ಹೊಳೆಯುವ ಒಂದು ಬೋರ್ಡು ಮಾಡಿಸಲು, ಅದಕ್ಕೆ ಅಂಟಿಸುವ ಶೀಟು ಆರಿಸುತ್ತಿದ್ದಾರೆ.)

ಹೆಂಡತಿ: ಅತ್ತೆ ದಿನಾ ಸಂಜೆ ಆರಕ್ಕೆ ಹೆಲ್ಮೆಟ್ ಹಾಕ್ಕೊಂಡು ಕೂರ್ತಾರೆ ಬೋರ್ಡಿನವರೇ! ಹೆಲ್ಮೆಟ್ ಹಾಕ್ಕೊಂಡೇ ಬಟಾಣಿ ಸುಲೀತಾರೆ! ಬಸ್ ಓಡಿಸ್ತಿದ್ರೂ ನನ್ನ ಜೀವ ಎಲ್ಲಾ ಆ ಗೋಡೆ ಹತ್ರಾನೇ ಇರುತ್ತೆ.

ಗಂಡ: ಅದಕ್ಕೇ ಈ ಬಂಗಾರದ ಬಣ್ಣದ್ದು ತಗೊಳ್ಳೋಣ ಅಂದಿದ್ದು. ನೋಡು, ಕಿಟಕಿ ಹತ್ರ ಹಿಡಿದ್ರೆ ಮುಖ ಕಾಣುತ್ತೆ.

ಹೆಂಡತಿ: ಬರೋರು ನಿಂತು ತಲೆ ಬಾಚ್ಕೊಂಡು ಹೋಗ್ಲಿ ಅಂತಾನಾ?

ಬೋರ್ಡಿನವರು: ಅದು ಮದುವೆ ಮಂಟಪದ ಅಲಂಕಾರಕ್ಕೆ ಸಾರ್. ಹಗಲಲ್ಲಿ ಭಾರೀ ಜೋರು, ಕತ್ತಲಾದ್ರೆ ಬೆಕ್ಕಿನ ಮರಿ. ನಿಮಗೆ ಬೇಕಾಗಿರೋದು ಈ ಎರಡರಲ್ಲಿ ಒಂದು. ಇದರೊಳಗೆ ಸಣ್ಣ ಗಾಜಿನ ಮಣಿಗಳಿವೆ. ಅದರಲ್ಲಿ ಜೇನುಗೂಡಿನ ಥರ ಗೆರೆ ಇದೆ.

ಗಂಡ: ಎರಡೂ ಸಪ್ಪೆ. ಹಳೇ ಪರದೆ ಇದ್ದಹಾಗಿವೆ.

ಬೋರ್ಡಿನವರು: ಗೋದಾಮಿನ ಬಾಗಿಲು ಹಾಕ್ತೀನಿ, ಟಾರ್ಚ್ ಬಿಟ್ಟು ನೋಡಿ.

(ಉದ್ದನೆಯ ಗೋದಾಮು, ಒಳಗೆ ಗವ್ವೆನ್ನುವ ಕತ್ತಲು. ಮಣಿಯ ಶೀಟು ಆ ತುದಿಯಲ್ಲಿ. ಗಂಡ ಈ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚನ್ನು ಕೆನ್ನೆಗೆ ಒತ್ತಿ ಹಿಡಿದ. ಹೆಂಡತಿ ಪಕ್ಕದಲ್ಲೇ ಒಂದು ಸ್ಟೂಲಿನ ಮೇಲೆ ಹತ್ತಿ ನಿಂತಳು.)

ಗಂಡ: ಅಬ್ಬಾ! ಕಣ್ಣು ಕುಕ್ಕುತ್ತೆ!

ಹೆಂಡತಿ: ಏನು ಕುಕ್ಕುತ್ತೆ? ಮೊದಲು ಟಾರ್ಚ್ ಹಾಕಿ.

ಗಂಡ: ಹಾಕಿದೀನಲ್ಲೇ! ಧಗಧಗ ಅಂತಿದೆ!

ಹೆಂಡತಿ: ಧಗಧಗಾನೂ ಇಲ್ಲ, ಮಿಣಮಿಣಾನೂ ಇಲ್ಲ. ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ?

ಗಂಡ: ನಿನಗೆ ಕಣ್ಣು ಕಾಣಲ್ಲ ಅಂತ ಒಪ್ಕೊ! ದಿನಾ ಬಸ್ಸಲ್ಲಿ ಕೂರೋ ಜನರ ಗತಿ ಏನು!

ಹೆಂಡತಿ: ನನ್ನ ಕಣ್ಣಿನ ಮಾತು ಬೇಡ. ಹೋದ ತಿಂಗಳು ನೀವು ಹೊಲಿದ ಯೂನಿಫಾರ್ಮಿಗೆ ಜೇಬು ಬೆನ್ನ ಮೇಲೆ ಬಂದಿತ್ತು!

ಬೋರ್ಡಿನವರು: ಇಬ್ಬರೂ ಹೇಳ್ತಿರೋದು ನಿಜ, ಸುಮ್ನಿರಿ! ಈ ಶೀಟು ಬೆಳಕನ್ನ ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುತ್ತೆ. ಟಾರ್ಚು ಸಾರ್ ಕಣ್ಣಿನ ಪಕ್ಕ ಇದೆ, ಅವರಿಗೆ ಹೊಳೀತು. ನೀವು ಮೇಲೆ ಇದ್ದೀರಿ ಅಮ್ಮಾ, ನಿಮಗೆ ಸಿಗಲಿಲ್ಲ. ಲಾರಿ, ಬಸ್ಸಿನವರ ಕಥೆಯೂ ಇದೇ. ಹೆಡ್‌ಲೈಟ್ ಕೆಳಗೆ, ಡ್ರೈವರ್ ಕಣ್ಣು ಮೇಲೆ.

(ಹೆಂಡತಿ ಸ್ಟೂಲಿನಿಂದ ಬಗ್ಗಿ, ಗಂಡನ ಕೈಯನ್ನು ಟಾರ್ಚಿನ ಸಮೇತ ತನ್ನ ಹಣೆಯವರೆಗೆ ಎಳೆದುಕೊಂಡಳು. ಶೀಟು ಝಗ್ಗೆಂದಿತು. ಈಗ ಗಂಡನಿಗೆ ಕತ್ತಲು.)

ಗಂಡ: ಅಯ್ಯೋ, ಕರೆಂಟ್ ಹೋಯ್ತು!

ಬೋರ್ಡಿನವರು: ಅದಕ್ಕೇ ನಿಮಗೆ ಜೇನುಗೂಡಿನದು. ಅದು ವಾಪಸ್ ಕೊಡುವಾಗ ಸ್ವಲ್ಪ ಹರಡಿ ಕೊಡುತ್ತೆ. ಲಾರಿಯವನಿಗೂ ಸಿಗುತ್ತೆ.

(ಶೀಟು ಬದಲಾಯಿತು. ಟಾರ್ಚು ಮತ್ತೆ ಗಂಡನ ಕೆನ್ನೆಗೆ ಬಂತು. ಈ ಸಲ ಇಬ್ಬರಿಗೂ ಕಂಡಿತು.)

ಹೆಂಡತಿ: ಇದೇ ಇರಲಿ. ಮುಗೀತು.

(ಗಂಡ ಟಾರ್ಚ್ ಆರಿಸಿದ.)

ಗಂಡ: ಈಗ ಕಾಣಲ್ವಲ್ಲಾ!

ಬೋರ್ಡಿನವರು: ಲೈಟ್ ಆರಿಸಿದ್ರೆ ಹೇಗೆ ಕಾಣುತ್ತೆ ಸಾರ್?

ಗಂಡ: ಅಲ್ಲ, ಲೈಟ್ ಇಲ್ಲದ ಗಾಡಿ ಬಂದ್ರೆ?

ಬೋರ್ಡಿನವರು: ಶೀಟಿಗೆ ಸ್ವಂತ ಬೆಳಕಿಲ್ಲ. ಕೊಟ್ಟಿದ್ದನ್ನ ವಾಪಸ್ ಕೊಡುತ್ತೆ, ಅಷ್ಟೇ.

ಗಂಡ: ಲೈಟ್ ಇಲ್ಲದವರಿಗೂ ಕಾಣೋದು ಬೇಕು. ಅದೇ ಮುಖ್ಯ. ನನ್ನ ಮಾತು ಕೇಳಿ.

ಹೆಂಡತಿ: ಲೈಟಿಲ್ಲದೆ ಯಾವ ಲಾರಿ ಬರುತ್ತೆ ರೀ?

ಗಂಡ: ಲಾರಿನೇ ಆಗಬೇಕು ಅಂತೇನಿದೆ?

(ಹೆಂಡತಿ ನಿಧಾನವಾಗಿ ಸ್ಟೂಲಿನಿಂದ ಇಳಿದಳು.)

ಹೆಂಡತಿ: ಕಳೆದ ವಾರ ಗುದ್ದಿದ್ದು ಕೆಂಪು ಲಾರಿ ಅಂದ್ರಿ. ಮಾರನೇ ದಿನ ನೀಲಿ ಅಂದ್ರಿ.

ಗಂಡ: ಮುಸ್ಸಂಜೆ ಅಲ್ವಾ, ಬಣ್ಣ ಸರಿಯಾಗಿ…

ಹೆಂಡತಿ: ನಿಮ್ಮ ಸ್ಕೂಟರಿನ ಮಡ್‌ಗಾರ್ಡ್ ಯಾಕೆ ಸೊಟ್ಟಗಿದೆ?

ಗಂಡ: ಹೇಳಿದ್ನಲ್ಲಾ, ನಾಯಿ ಅಡ್ಡ ಬಂತು.

ಹೆಂಡತಿ: ಹೆಡ್‌ಲೈಟ್ ಕೆಟ್ಟು ಎಷ್ಟು ದಿನ ಆಯ್ತು?

ಗಂಡ: …ಎರಡು ತಿಂಗಳು. ನಾಳೆ ಮಾಡಿಸೋಣ ಅಂತ ದಿನಾ ಅಂದ್ಕೊಳ್ತಿದ್ದೆ ಕಣೆ. ಆ ಇಟ್ಟಿಗೆ ಅಮ್ಮನ ಕಾಲ ಹತ್ರ ಬಿತ್ತಲ್ಲ, ಅವತ್ತಿಂದ ನನಗೆ ಅನ್ನ ಸೇರ್ತಿಲ್ಲ. ಹೇಳೋಕೆ ಬಾಯಿ ಬರಲಿಲ್ಲ. ಪುಣ್ಯಕ್ಕೆ ಅಮ್ಮ ನೋಡಿಲ್ಲ.

ಹೆಂಡತಿ: ನೋಡಿಲ್ವಾ? ಆರಕ್ಕೆ ಹೆಲ್ಮೆಟ್ ಹಾಕ್ಕೊಂಡೋರು ಯಾವಾಗ ತೆಗೀತಾರೆ ಗೊತ್ತಾ? ನೀವು ಬಂದು ಸ್ಕೂಟರ್ ಸ್ಟ್ಯಾಂಡ್ ಹಾಕಿದ ಮೇಲೆ! ಆಮೇಲೆ ನೂರು ಲಾರಿ ಹೋದ್ರೂ ಬರೀ ತಲೇಲೇ ಕೂತಿರ್ತಾರೆ!

(ಗಂಡ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತ. ಬೋರ್ಡಿನವರು ಬಂದ ನಗು ತಡೆಯಲು ಬಾಗಿಲು ತೆರೆಯುವ ನೆಪ ಮಾಡಿದರು.)

ಹೆಂಡತಿ: ಬೋರ್ಡಿನವರೇ, ತಿರುವಿಗೆ ಜೇನುಗೂಡಿನದೇ ಒಂದು ಬೋರ್ಡು. ಇವರು ಇವತ್ತು ಇಲ್ಲಿಂದ ನೆಟ್ಟಗೆ ಮೆಕ್ಯಾನಿಕ್ ಹತ್ರ ಹೋಗ್ತಾರೆ. ಜೊತೆಗೆ ಅದೇ ಶೀಟಲ್ಲಿ ಇನ್ನೊಂದು ತುಂಡು ಬೇಕು, ಜಾಕೆಟ್ಟಿಗೆ ಅಂಟಿಸೋಕೆ. ಇವರ ಅಳತೆ ತಗೊಳ್ಳಿ.

ಬೋರ್ಡಿನವರು: ಎಲ್ಲಿಗೆ ಅಮ್ಮಾ? ಬೆನ್ನಿಗಾ?

ಹೆಂಡತಿ: ಎದೆಗೆ. ಎದುರಿಗೆ ಬರ್ತಿರೋದು ಯಾರು ಅಂತ ಗೋಡೆಗೆ ಗೊತ್ತಾಗ್ಲಿ.

(ಬೋರ್ಡಿನವರು ಸ್ಟೀಲ್ ಟೇಪು ತೆಗೆದರು. ಊರವರ ಅಳತೆಯನ್ನೆಲ್ಲ ತೆಗೆದುಕೊಂಡ ಟೈಲರು ಮೊದಲ ಬಾರಿಗೆ ತಾನೇ ಎರಡು ಕೈ ಎತ್ತಿ ನಿಂತ.)

ಗಂಡ: ಸ್ವಲ್ಪ ಸಡಿಲ ಇಡಿ ಬೋರ್ಡಿನವರೇ. ಉಸಿರಾಡಬೇಕು.