ಹರ್ತಿ ದಾರಿಯ ನಮ್ಮ ಹೊಲ

...ಅಲ್ಲ, ಆ ಹೊಲದಲ್ಲಿದ್ದದ್ದು ಬೇವಿನ ಮರ ಇರಲಿಕ್ಕಿಲ್ಲ. ಬನ್ನಿ ಇರಬೇಕು. ನೆನಪಿನಲ್ಲೇನೋ ಬೇವಿನ ನೆರಳು ದಟ್ಟವಾಗಿದೆ. ಆದರೆ ನನ್ನ ನೆನಪು ತನಗೆ ಬೇಕಾದಲ್ಲೆಲ್ಲ ನೆರಳು ಮಾಡಿಕೊಳ್ಳುತ್ತದೆ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಮರ ಯಾವುದೇ ಇರಲಿ, ಒಂದು ಮಾತನ್ನು ಎದೆ ತಟ್ಟಿ ಹೇಳಬಲ್ಲೆ: ನಮ್ಮಜ್ಜ ಕಳ್ಳ! ಸಣ್ಣಪುಟ್ಟದ್ದಲ್ಲ, ಇಡೀ ಹೊಲವನ್ನೇ ಕದಿಯುತ್ತಿದ್ದ. ಎಳ್ಳಮಾಸಿಯ ದಿನ, ಎಳ್ಳು ಅಮಾವಾಸ್ಯೆಯಂದು, ಬೆಳಗ್ಗೆ ಕದ್ದು, ಹೊತ್ತು ಮುಳುಗುವುದರೊಳಗೆ ಇದ್ದಲ್ಲೇ ಬಿಟ್ಟು ಬರುತ್ತಿದ್ದ. ಇಷ್ಟು ಪ್ರಾಮಾಣಿಕ ಕಳ್ಳನನ್ನು ನೀವು ಕಂಡಿದ್ದೀರಾ?

ಅಜ್ಜ ಬೆಟಗೇರಿಯ ನೇಕಾರ. ಕುಣಿಮಗ್ಗದವನು, ಮನೆಯೊಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಸೊಂಟದ ಕೆಳಗೆಲ್ಲ ನೆಲದಲ್ಲಿ ಹೂತುಕೊಂಡು ಸೀರೆ ನೇಯುವವನು. ಅದಕ್ಕೇ ಇರಬೇಕು, ಕುಣಿಯಿಂದ ಎದ್ದನೆಂದರೆ ಅವನಿಗೆ ಸೂರು ಎಂಬುದೇ ಆಗಿಬರುತ್ತಿರಲಿಲ್ಲ. ಊಟ ಕಟ್ಟೆಯ ಮೇಲೆ, ನಿದ್ದೆ ಮಾಳಿಗೆಯ ಮೇಲೆ, ಕ್ಷೌರ ಬೇವಿನ ಬುಡದಲ್ಲಿ. (ಹಾಂ, ಬೇವು ಇಲ್ಲಿಯದು! ಇಲ್ಲಿಂದ ಕಿತ್ತು ಹೊಲದಲ್ಲಿ ನೆಟ್ಟವನು ನಾನೇ.) ಶಿರಹಟ್ಟಿಗೆ ಹೋಗುವುದಿದ್ದರೆ ಬಸ್ಸಿನ ಮೇಲೆ, ಬುಟ್ಟಿಗಳ ನಡುವೆ.

"ಅಜ್ಜಾರ, ಒಳಗ ಸೀಟ ಖಾಲಿ ಅದಾವ್ರಿ, ಇಳೀರಿ!" ಎಂದು ಕಂಡಕ್ಟರ್ ಕೂಗುತ್ತಿದ್ದ.

"ಇರ್ಲಿ ಬಿಡೋ ತಮ್ಮಾ, ಒಳಗಿನ ಮಂದಿ ಕಾಲ ಚಾಚಲಿ!"

ಬಯಲಿನ ಇಂಥ ಹುಚ್ಚನಿಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ಅಜ್ಜಿಯದು ಲಕ್ಷ್ಮೇಶ್ವರ, ಮಗ್ಗದ ಜೊತೆ ಒಕ್ಕಲುತನವೂ ಇದ್ದ ಮನೆ. "ಹೊಲ ಇಲ್ಲದವರಿಗೆ ಹೆಣ್ಣ ಕೊಡಂಗಿಲ್ಲ" ಎಂದು ಅವಳ ಅಪ್ಪ ಪಟ್ಟು ಹಿಡಿದಾಗ ಅಜ್ಜ ಕಣ್ಣು ಮಿಟುಕಿಸದೆ, "ಐತ್ರಿ, ಹರ್ತಿ ದಾರಿಗೆ ಐತ್ರಿ" ಎಂದುಬಿಟ್ಟನಂತೆ. ಮದುವೆ ಆಯಿತು. ಎಳ್ಳಮಾಸಿಯೂ ಬಂತು. ಅಡುಗೆ ಕಟ್ಟಿಕೊಂಡು ಹೋಗಿ, ಅದರಲ್ಲೊಂದಿಷ್ಟನ್ನು ಚರಗವೆಂದು ಹೊಲದ ತುಂಬ ಚೆಲ್ಲಿ, ಭೂಮಿತಾಯಿ ಉಂಡ ಮೇಲೆ ತಾವು ಉಣ್ಣುವ ಹಬ್ಬ. ಹೊಸ ಸೊಸೆ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಳು. ಅಜ್ಜ ಏನು ಮಾಡಬೇಕು? ಹರ್ತಿ ದಾರಿ ಹಿಡಿದ. ಒಳ್ಳೆಯ ಮರವಿದ್ದ ಹೊಲವೊಂದನ್ನು ನೋಡಿ, "ಇದ ನೋಡ, ನಮ್ಮದು" ಎಂದ.

ಆಮೇಲೆ ಪ್ರತಿ ವರ್ಷ ಅದೇ ಹೊಲ. ಬೆಳೆ ಎಲ್ಲಿ ಎಂದರೆ, ಲಾವಣಿಗೆ ಕೊಟ್ಟೇನಿ, ಬ್ಯಾರೆಯವ್ರು ಉಳತಾರ ಎನ್ನುವುದು. ಸುಗ್ಗಿಯಾದ ಮೇಲೆ ಗದಗಿನ ಪೇಟೆಯಲ್ಲಿ ಒಂದು ಚೀಲ ಜೋಳ ಕೊಂಡು ತಂದು, "ನಮ್ಮ ಪಾಲ ಬಂತು!" ಎಂದು ಧೂಳೆಬ್ಬಿಸಿ ಇಳಿಸುವುದು. ಮನೆಯಲ್ಲಿ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟವರಿಗೆ ಶೇಂಗಾ ಹೋಳಿಗೆ ಇಲ್ಲ ಎಂಬುದು ನಮಗೆ ಅಜ್ಜನ ಕಾಯಿದೆ.

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ ಸಿಕ್ಕಿಬಿದ್ದೆವು. ನಾನಾಗ ಮೂರನೆಯ ಇಯತ್ತೆ, ಅಥವಾ ನಾಲ್ಕನೆಯದು. ಅಜ್ಜಿ ಸಜ್ಜೆ ರೊಟ್ಟಿ ಹಂಚುತ್ತಿದ್ದಳು. ಬದುವಿನ ಮೇಲೆ ಬಿಳಿ ರುಮಾಲಿನ ಮನುಷ್ಯನೊಬ್ಬ ಬಂದು ನಿಂತ. ಹರ್ತಿಯ ಮುಸಲ್ಮಾನ ರೈತ, ಅವನಿಗೆ ಎಳ್ಳಮಾಸಿ ಇಲ್ಲವೆಂದೇ ಅಲ್ಲಿಯವರೆಗೆ ನಾವು ಬಚಾವು. ಆ ಹೊಲದ ನಿಜವಾದ ಯಜಮಾನ!

"ಯಾರ್ರಿ ನೀವು? ಯಾರನ್ನ ಕೇಳಿ ಹೊಲದಾಗ ಕುಂತೀರಿ?"

ಅಜ್ಜಿ ತಲೆಯೆತ್ತಿದಳು. "ಇದು ನಮ್ಮ ಹೊಲ ಐತೋ ತಮ್ಮಾ. ನೀ ಯಾರು?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜ ಹಾರಿ ಹೋಗಿ, ಅವನ ಹೆಗಲ ಮೇಲೆ ಕೈ ಹಾಕಿ ಆಳೆತ್ತರದ ಜೋಳದೊಳಗೆ ಎಳೆದುಕೊಂಡು ಹೋದ. ತೆನೆಗಳು ಅಲುಗಾಡಿದ್ದಷ್ಟೇ ನಮಗೆ ಕಂಡದ್ದು. ನಮ್ಮಪ್ಪ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡಿದ್ದ. ಹೊರಗೆ ಬಂದಾಗ ಆ ಮನುಷ್ಯ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ನಕ್ಕು ನಕ್ಕು ಎಂದು ನನ್ನಣ್ಣ ಹೇಳುತ್ತಾನೆ. ನನಗೆ ಖಾತ್ರಿಯಿಲ್ಲ.

"ತಪ್ಪಾತ್ರಿ ಅವ್ವಾರ. ನನ್ನ ಹೊಲ ಆ ಕಡಿ ಐತಿ. ಜ್ವಾಳ ಎಲ್ಲಾ ಒಂದ ನಮೂನಿ ಕಾಣತಾವ ನೋಡ್ರಿ."

"ಹೌದಪ್ಪಾ, ಬಿಸಲಾಗ ಹಂಗ ಆಗತೈತಿ. ಕುಂಡ್ರು, ರೊಟ್ಟಿ ತಿನ್ನು."

ಅವನು ಕುಳಿತ. ತನ್ನ ಹೊಲದಲ್ಲಿ ತಾನೇ ಬೀಗರಂತೆ ನಾಚಿಕೊಳ್ಳುತ್ತ ನಾಲ್ಕು ರೊಟ್ಟಿ, ಎರಡು ಎಣ್ಣೆಗಾಯಿ ಮುಗಿಸಿದ! ಮರುವರ್ಷದಿಂದ ಎಳ್ಳಮಾಸಿಗೆ ತಪ್ಪದೆ ಬರತೊಡಗಿದ, ಉಡಿಯ ತುಂಬ ಹಸಿ ಕಡಲೆ ಗಿಡ ಹಿಡಿದುಕೊಂಡು.

"ಪಾಪ, ಚಲೋ ಮನಷ್ಯಾ" ಎನ್ನುತ್ತಿದ್ದಳು ಅಜ್ಜಿ. "ತನ್ನ ಹೊಲ ಯಾವುದಂತ ಅವಂಗ ಇನ್ನೂ ಗೊತ್ತಾಗವಲ್ದು."

ಅಜ್ಜ ತೀರಿಕೊಂಡದ್ದು ಎಂಬತ್ತರ ದಶಕದ ಒಂದು ಶ್ರಾವಣದಲ್ಲಿ, ಕಟ್ಟೆಯ ಮೇಲೆಯೇ. ಆ ಎಳ್ಳಮಾಸಿಗೆ ಅಜ್ಜಿ ಎಂದಿನಂತೆ ಬುಟ್ಟಿ ಕಟ್ಟಿದಳು. ಅಪ್ಪ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಸುಳ್ಳು ಹೇಳಿದವನೇ ಇಲ್ಲ. ಇನ್ನು ಅದನ್ನು ಕಾಯುವವರು ಯಾರು? ನಿಜ ಹೇಳಿದರೆ ಅಷ್ಟು ವರ್ಷಗಳ ಹಬ್ಬವನ್ನೆಲ್ಲ ಅವಳಿಂದ ಕಸಿದುಕೊಂಡಂತೆ. ಅಷ್ಟರಲ್ಲಿ ಬಾಗಿಲಿಗೆ ಎತ್ತಿನ ಚಕ್ಕಡಿ ಬಂದು ನಿಂತಿತು. ಬಿಳಿ ರುಮಾಲು.

"ಅವ್ವಾರ, ಹತ್ರಿ. ನಿಮ್ಮ ಹೊಲಕ್ಕ ಹೋಗೂಣು."

ಅಜ್ಜಿ ಮುಂದೆ ಮುಂದೆ ಚರಗ ಚೆಲ್ಲುತ್ತ ನಡೆದಳು. ಅವಳ ಹಿಂದೆ ನೀರು ಚಿಮುಕಿಸುತ್ತ ನಡೆಯುವುದು ಅಜ್ಜನ ಕೆಲಸವಾಗಿತ್ತು. ಈ ಸಲ ಬಿಳಿ ರುಮಾಲಿನವನೇ ತಂಬಿಗೆ ತೆಗೆದುಕೊಂಡು ಹೊಲವನ್ನೆಲ್ಲ ಸುತ್ತಿದ. ಸುತ್ತು ಮುಗಿದಾಗ ಅಜ್ಜಿ ಬದುವಿನ ಮೇಲೆ ನಿಂತು ಹೇಳಿದಳು: "ತಮ್ಮಾ, ಮುಂದಿನ ವರ್ಷ ಈ ಅಂಚಿಗೆ ನಾಕ ಸಾಲ ಕುಸುಬಿ ಹಾಕು. ಅವರಿಗೆ ಆ ಹೂವು ಸೇರತಿತ್ತು."

"ಆತ್ರಿ ಅವ್ವಾರ."

ಹೊಲ ತನ್ನದೆಂದು ನಂಬಿ ಹೇಳಿದಳೋ, ಅವನದೆಂದು ತಿಳಿದೇ ಹೇಳಿದಳೋ? ಜೋಳದೊಳಗೆ ಅಜ್ಜ ಅವನಿಗೆ ಏನು ಹೇಳಿದ್ದ? ಮೂವರನ್ನೂ ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.